ಗರ್ಭಕೋಶ ತೆಗೆದ ಮೇಲೆ ಮನೆಗೆಲಸ ಯಾವಾಗ?

ಹೊರಗಿನ ಗಾಯ 2 ವಾರದಲ್ಲೇ ಮಾಗಿದಂತೆ ಕಾಣುತ್ತದೆ. ಮನೆಯವರು ನೀವು ಗುಣವಾದಿರಿ ಎಂದುಕೊಳ್ಳುತ್ತಾರೆ. ಒಳಗಿನ ಗಾಯಕ್ಕೆ ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಅಲ್ಲಿಯವರೆಗೆ 20 ಲೀಟರ್ ನೀರಿನ ಕ್ಯಾನ್, ಗ್ಯಾಸ್ ಸಿಲಿಂಡರ್, ಚಿಕ್ಕ ಮಗು ಯಾವುದನ್ನೂ ಎತ್ತಬೇಡಿ. ದೆಹಲಿ, ನೋಯ್ಡಾದಂಥ ಕಡೆ ಬಂಧುಗಳಿಲ್ಲದಿದ್ದರೆ ಊರಿಂದ ಅಮ್ಮನನ್ನೋ ಅತ್ತೆಯನ್ನೋ ಮೊದಲೇ ಕರೆಸಿಕೊಳ್ಳಿ.

ಅಂಡಾಶಯ ಉಳಿಸಿದ್ದಾರೆಯೇ ಎಂದು ಡಿಸ್ಚಾರ್ಜ್ ಸಮರಿಯಲ್ಲಿ ನೋಡಿ. ಎರಡನ್ನೂ ತೆಗೆದಿದ್ದರೆ ಮೈ ಬಿಸಿಯೇರುವುದು, ನಿದ್ದೆಗೇಡು ಒಮ್ಮೆಲೇ ಶುರುವಾಗಬಹುದು. ಹಾರ್ಮೋನ್ ಚಿಕಿತ್ಸೆ, ಮೂಳೆಯ ಆರೋಗ್ಯದ ಬಗ್ಗೆ ವೈದ್ಯರನ್ನು ಕೇಳಿ. ಉಳಿಸಿದ್ದರೆ ಮುಟ್ಟು ನಿಂತರೂ ಎಂಡೊಮೆಟ್ರಿಯೋಸಿಸ್ ನೋವು ಮರಳಬಹುದು: ಗರ್ಭಕೋಶದ ಹೊರಗೆ ಉಳಿದ ಅಂಗಾಂಶಕ್ಕೆ ಈಸ್ಟ್ರೋಜನ್ ಸಿಗುತ್ತಲೇ ಇರುತ್ತದೆ. ಅದು ನಿಮ್ಮ ಭ್ರಮೆಯಲ್ಲ, ಯಾರು ಏನೇ ಹೇಳಲಿ.

ಜ್ವರ, ದುರ್ವಾಸನೆಯ ಸ್ರಾವ, ಹೆಚ್ಚು ರಕ್ತಸ್ರಾವ, ಒಂದು ಕಾಲಿನ ಊತ ಅಥವಾ ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.