ಹಾಡಿನ ಹಿಸಾಬು ಕಲಿಸುವ ಕಾಲೇಜು

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಬಂಧುಗಳೊಬ್ಬರ ಮಗ ಶಾಲೆ ಮುಗಿಸಿ ಕಾಲೇಜು ಸೇರಿದ. ಯಾವ ವಿಷಯ ತೆಗೆದುಕೊಂಡೆ ಎಂದು ಕೇಳಿದರೆ ‘ಮ್ಯೂಸಿಕ್ ಬಿಸಿನೆಸ್’ ಎಂದ. ಫೋನಿನ ಈ ತುದಿಯಲ್ಲಿದ್ದ ಅವನ ಅಜ್ಜ ಹೌಹಾರಿದರು. “ಗಾನಾ ಬಜಾನಾಕ್ಕೂ ಒಂದು ಕಾಲೇಜಾ?” “ಗಾನಾ ಅಲ್ಲ ದಾದಾಜಾನ್, ಗಾನೇ ಕಾ ಹಿಸಾಬ್” ಎಂದು ಹುಡುಗ ನಕ್ಕ. ಅಜ್ಜನಿಗೆ ಸಮಾಧಾನವಾಗಲಿಲ್ಲ. ನಮಗೆ ಮಾತ್ರ ಆ ಮಾತು ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ಹಾಡಿನಿಂದ ಹಣ ಮಾಡಿದವರು ಹಿಂದಿನಿಂದಲೂ ಇದ್ದಾರೆ. ಆ ಹಣದ ಲೆಕ್ಕವನ್ನು ಹಾಡುವವನಿಗೂ ಕಲಿಸಬೇಕು ಎಂದು ಯಾರಿಗಾದರೂ ಅನ್ನಿಸಿದ್ದು ಯಾವಾಗ?

ಆ ಹುಡುಗ ಸೇರಿದ್ದು ಅಲ್ಲಿನವರು ‘ಫರ್ದರ್ ಎಜುಕೇಶನ್’ ಎಂದು ಕರೆಯುವ ಕಾಲೇಜಿಗೆ. ನಮ್ಮ ಪಿಯುಸಿ, ಐಟಿಐ, ಡಿಪ್ಲೊಮಾಗಳನ್ನು ಒಂದೇ ಸೂರಿನಡಿ ತಂದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಹದಿನಾರು ದಾಟಿದ ಮಕ್ಕಳು ಅಲ್ಲಿ ಕೊಳಾಯಿ ಕೆಲಸ, ಕ್ಷೌರ, ಅಡುಗೆ, ಲೆಕ್ಕಪತ್ರ ಕಲಿಯುತ್ತಾರೆ. ಅದೇ ಕಾರಿಡಾರಿನ ಇನ್ನೊಂದು ಕೋಣೆಯಲ್ಲಿ ಸಂಗೀತದ ವ್ಯವಹಾರ. ವಿಶ್ವವಿದ್ಯಾಲಯಕ್ಕೆ ನೇರ ಹೋಗಲಾಗದ ಕಾರ್ಮಿಕರ ಮಕ್ಕಳು, ವಲಸೆ ಬಂದವರ ಮಕ್ಕಳು ಹೆಚ್ಚಾಗಿ ಓದುವುದು ಇಂಥ ಕಾಲೇಜುಗಳಲ್ಲಿ.

ಇವುಗಳ ಬೇರು ಹತ್ತೊಂಬತ್ತನೆಯ ಶತಮಾನದ ‘ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್’ಗಳಲ್ಲಿದೆ. ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯರು ಮೊದಲು ಗ್ಲಾಸ್ಗೋದಲ್ಲಿ ಕುಶಲಕರ್ಮಿಗಳಿಗೆ ಉಚಿತವಾಗಿ ಪಾಠ ಹೇಳಿದರು. 1823ರಲ್ಲಿ ಲಂಡನ್ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಗಲು ಅವರೂ ಕಾರಣರಾದರು. ಕೈಯಲ್ಲಿ ಕಸುಬಿದ್ದರೆ ಸಾಲದು, ಕಸುಬಿನ ಹಿಂದಿನ ವಿದ್ಯೆಯೂ ದುಡಿಯುವವನ ಪಾಲಿಗೆ ಬರಬೇಕು ಎಂಬುದು ಅವರ ಆಶಯ. 1825ರಲ್ಲಿ ಲಿವರ್‌ಪೂಲ್ ನಗರದಲ್ಲೂ ಇಂಥದೊಂದು ಸಂಸ್ಥೆ ಹುಟ್ಟಿತು. 1837ರಲ್ಲಿ ಮೌಂಟ್ ಸ್ಟ್ರೀಟಿನಲ್ಲಿ ಅದಕ್ಕೊಂದು ದೊಡ್ಡ ಕಟ್ಟಡವೂ ಆಯಿತು.

ಈ ಕಟ್ಟಡದ ಕಥೆಯಲ್ಲೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಮುಂದೆ ಅದು ಗಂಡುಮಕ್ಕಳ ಶಾಲೆಯಾಯಿತು. 1950ರ ದಶಕದಲ್ಲಿ ಅಲ್ಲಿ ಓದಿದವರಲ್ಲಿ ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಇದ್ದರು. ಪಕ್ಕದ ಕಲಾ ಕಾಲೇಜಿನಲ್ಲಿ ಜಾನ್ ಲೆನನ್ ಇದ್ದರು. ಮುಂದೆ ‘ಬೀಟಲ್ಸ್’ ಎಂದು ಜಗತ್ತೆಲ್ಲ ಹೆಸರಾದವರು ಇವರೇ. 1963ರಲ್ಲಿ ಲೆನನ್ ಮತ್ತು ಮೆಕಾರ್ಟ್ನಿ ಬರೆದ ಹಾಡುಗಳ ಹಕ್ಕಿಗಾಗಿ ‘ನಾರ್ದರ್ನ್ ಸಾಂಗ್ಸ್’ ಎಂಬ ಕಂಪೆನಿ ಶುರುವಾಯಿತು. ಹಾಡು ಕಟ್ಟಿದ ಇಬ್ಬರಿಗೂ ತಲಾ ಶೇಕಡಾ 20ರ ಪಾಲು. ಪ್ರಕಾಶಕ ಮತ್ತು ಅವರ ಪಾಲುದಾರನ ಕೈಯಲ್ಲಿ ಅರ್ಧ. 1969ರಲ್ಲಿ ಪ್ರಕಾಶಕರು ತಮ್ಮ ಪಾಲನ್ನು ಎಟಿವಿ ಎಂಬ ಸಂಸ್ಥೆಗೆ ಮಾರಿದರು. ಕಂಪೆನಿಯನ್ನು ಉಳಿಸಿಕೊಳ್ಳಲು ಹಾಡುಗಾರರಿಬ್ಬರೂ ಹೆಣಗಿ ಸೋತರು. 1985ರಲ್ಲಿ ಎಟಿವಿಯ ಸಂಗೀತ ಹಕ್ಕುಗಳನ್ನೆಲ್ಲ ಸುಮಾರು 4 ಕೋಟಿ 75 ಲಕ್ಷ ಡಾಲರಿಗೆ ಕೊಂಡವರು ಮೈಕೆಲ್ ಜಾಕ್ಸನ್. ಹಾಡಿಗೆ ಒಡೆತನ ಎಂಬುದೊಂದು ಇರುತ್ತದೆ ಎನ್ನುವುದೇ ಆಗ ತಮಗೆ ಗೊತ್ತಿರಲಿಲ್ಲ ಎಂಬರ್ಥದ ಮಾತನ್ನು ಮೆಕಾರ್ಟ್ನಿ ಮುಂದೆ ಹೇಳಿಕೊಂಡಿದ್ದಾರೆ. ಕಸುಬಿನ ವಿದ್ಯೆ ಹಂಚಲೆಂದೇ ಕಟ್ಟಿದ ಕಟ್ಟಡದಲ್ಲಿ ಓದಿದ ಹುಡುಗನಿಗೆ ತನ್ನ ಕಸುಬಿನ ಕಾಗದ ಓದುವ ವಿದ್ಯೆಯೊಂದು ಸಿಕ್ಕಿರಲಿಲ್ಲ.

ಅವರೇನೋ ಶ್ರೀಮಂತರಾದರು. ಹೆಸರಿಲ್ಲದವರ ಗತಿ ಏನು? 1966ರಲ್ಲಿ ಟೋನಿ ಮೆಕಾಲೆ ಎಂಬ 21 ವರ್ಷದ ಗೀತರಚನಕಾರ ಒಂದು ಪ್ರಕಾಶನ ಸಂಸ್ಥೆಯ ಅಚ್ಚಾದ ಕರಾರಿಗೆ ಸಹಿ ಹಾಕಿದರು. ಐದು ವರ್ಷ ಬರೆಯುವ ಎಲ್ಲ ಹಾಡುಗಳ ಹಕ್ಕೂ ಸಂಸ್ಥೆಗೆ. ಮೊದಲ ಮುಂಗಡ 50 ಪೌಂಡ್. ಹಾಡನ್ನು ಪ್ರಕಟಿಸಲೇಬೇಕೆಂಬ ಹಂಗು ಸಂಸ್ಥೆಗಿಲ್ಲ. ಸಂಸ್ಥೆ ಬೇಕೆಂದಾಗ ಕರಾರು ಮುರಿಯಬಹುದು, ಹುಡುಗ ಮುರಿಯುವಂತಿಲ್ಲ. ವ್ಯಾಜ್ಯ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, 1974ರಲ್ಲಿ ಅಲ್ಲಿನ ನ್ಯಾಯಾಧೀಶರು ಇಂಥ ಕರಾರು ಅನ್ಯಾಯವಾದ ಕಟ್ಟುಪಾಡು, ಅದು ಜಾರಿಯಾಗದು ಎಂದರು. ಸಂಗೀತದ ವ್ಯವಹಾರ ಕಲಿಸುವ ಕಡೆ ಈ ತೀರ್ಪು ಒಂದು ಮುಖ್ಯ ಪಾಠ.

ಆದರೆ ಪಾಠ ತರಗತಿಗೆ ಬರಲು ಇನ್ನೂ ಸಮಯ ಹಿಡಿಯಿತು. 1944ರ ಶಿಕ್ಷಣ ಕಾಯ್ದೆ ಶಾಲೆ ಬಿಟ್ಟವರಿಗೆ ಮುಂದಿನ ಕಲಿಕೆ ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳ ಮೇಲೆ ಹಾಕಿತ್ತು. 1992ರ ಕಾಯ್ದೆಯ ನಂತರ, 1993ರಲ್ಲಿ, ಈ ಕಾಲೇಜುಗಳು ಸ್ಥಳೀಯ ಆಡಳಿತದಿಂದ ಬೇರೆಯಾಗಿ ಸ್ವತಂತ್ರ ಸಂಸ್ಥೆಗಳಾದವು. ಆ ಹೊತ್ತಿಗೆ ಗಣಿಗಳೂ ಕಾರ್ಖಾನೆಗಳೂ ಮುಚ್ಚಿದ್ದ ಊರುಗಳಲ್ಲಿ ಹಳೆಯ ಕಸುಬು ಕಲಿತು ಕೆಲಸ ಸಿಗುವ ಭರವಸೆ ಇರಲಿಲ್ಲ. ಬಿಟೆಕ್ ಎಂಬ ವೃತ್ತಿ ಪ್ರಮಾಣಪತ್ರದಡಿ (ಇದು ನಮ್ಮ ಇಂಜಿನಿಯರಿಂಗಿನ ಬಿ.ಟೆಕ್. ಅಲ್ಲ) ಜನಪ್ರಿಯ ಸಂಗೀತ, ಧ್ವನಿಮುದ್ರಣ, ಸಂಗೀತದ ವ್ಯವಹಾರ ಒಂದೊಂದಾಗಿ ಪಠ್ಯವಾದವು. 1999ರಲ್ಲಿ ಸರಕಾರ ನಿರುದ್ಯೋಗಿ ಸಂಗೀತಗಾರರಿಗೆಂದೇ ‘ನ್ಯೂ ಡೀಲ್ ಫಾರ್ ಮ್ಯುಸಿಷಿಯನ್ಸ್’ ಯೋಜನೆ ತಂದಿತು. ಇದಕ್ಕೂ ಮೊದಲೇ, 1996ರಲ್ಲಿ, ಲಿವರ್‌ಪೂಲಿನ ಆ ಹಳೆಯ ಕಟ್ಟಡದಲ್ಲಿ ಮೆಕಾರ್ಟ್ನಿ ಅವರೂ ಸಂಸ್ಥಾಪಕರಾಗಿದ್ದ ಪ್ರದರ್ಶನ ಕಲೆಗಳ ಸಂಸ್ಥೆ ತೆರೆದಿತ್ತು. ಅದು ಪದವಿ ಮಟ್ಟದ್ದು. ಅಲ್ಲಿ ವೇದಿಕೆಯ ಕಲೆಯ ಜೊತೆ ಅದರ ನಿರ್ವಹಣೆಯನ್ನೂ ಕಲಿಸುತ್ತಾರೆ.

ಇಷ್ಟಕ್ಕೂ ಏನು ಕಲಿಸುತ್ತಾರೆ? ಮೊದಲ ಪಾಠ, ಒಂದು ಹಾಡಿಗೆ ಎರಡು ಹಕ್ಕು. ಬರೆದು ರಾಗ ಹಾಕಿದ್ದು ಒಂದು, ಅದರ ಧ್ವನಿಮುದ್ರಣ ಇನ್ನೊಂದು. ಹಾಡು ಕಟ್ಟಿದವರ ಪರವಾಗಿ ಹಣ ವಸೂಲಿ ಮಾಡುವ ಸಂಘ ಬ್ರಿಟನ್ನಿನಲ್ಲಿ 1914ರಲ್ಲೇ ಆಗಿತ್ತು. ಎರಡನೆಯದಕ್ಕೆ ದಾರಿಯಾದದ್ದು ಬ್ರಿಸ್ಟಲ್ ನಗರದ ಒಂದು ಉಪಾಹಾರ ಗೃಹ. ಅಲ್ಲಿ ಗಿರಾಕಿಗಳಿಗೆಂದು ರೆಕಾರ್ಡು ಹಾಕಿದ್ದಕ್ಕೆ ಗ್ರಾಮೋಫೋನ್ ಕಂಪೆನಿ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. ಅದರ ಬೆನ್ನಿಗೇ, 1934ರಲ್ಲಿ, ಧ್ವನಿಮುದ್ರಣದ ಹಣ ವಸೂಲಿಗೆ ಇನ್ನೊಂದು ಸಂಸ್ಥೆ ಹುಟ್ಟಿತು. ಎರಡನೆಯ ಪಾಠ, ಮುಂಗಡ ಎಂಬುದು ಸಾಲವಿದ್ದ ಹಾಗೆ. 1,000 ಪೌಂಡ್ ಮುಂಗಡ, 2,000 ಪೌಂಡ್ ಸ್ಟುಡಿಯೋ ಖರ್ಚು ಎರಡನ್ನೂ ಹಾಡುಗಾರನ ಲೆಕ್ಕಕ್ಕೆ ಬರೆದಿದ್ದರೆ, ಅವನ ಗೌರವಧನ 3,000 ಮುಟ್ಟುವವರೆಗೆ ಕೈಗೆ ಚಿಕ್ಕಾಸೂ ಬರುವುದಿಲ್ಲ. ಮೂರನೆಯದು, ಕಾರ್ಯಕ್ರಮದ ಖರ್ಚುವೆಚ್ಚ, ಪ್ರಚಾರ, ಟಿಕೆಟು.

ಬ್ರಿಸ್ಟಲಿನಲ್ಲಿ ಗೆದ್ದ ಆ ಕಂಪೆನಿ ನಮಗೆ ಅಪರಿಚಿತವಲ್ಲ. 1902ರಲ್ಲಿ ಅದರ ಪರವಾಗಿ ಕಲಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಹೋಟೆಲಿನ ಕೋಣೆಯೊಂದರಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಹಾಡು ಮುಗಿದೊಡನೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆಯ ಮೇಲೆ ಹೆಸರು ಉಳಿಯಿತು. ಆದರೆ ಹಾಡಿದ ದನಿಯ ಮೇಲೆ ಹಾಡಿದವರಿಗೆ ಹಕ್ಕು ಕೊಡುವ ಕಾನೂನು ಆಗ ಇಲ್ಲಿರಲಿಲ್ಲ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದ ಅವರು 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಮುಂದೆಯೂ ನಮ್ಮಲ್ಲಿ ಈ ವಿಷಯ ಸರಳವಾಗಿರಲಿಲ್ಲ. ಗಾಯಕರಿಗೆ ಗೌರವಧನ ಬೇಕೆಂದು 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಪಟ್ಟು ಹಿಡಿದರು. ಹಾಡಿ ಸಂಭಾವನೆ ಪಡೆದ ಮೇಲೆ ಮುಗಿಯಿತು ಎಂಬುದು ಮುಹಮ್ಮದ್ ರಫಿ ಅವರ ನಿಲುವು. ಇಬ್ಬರೂ ಕೆಲ ಕಾಲ ಜೊತೆಯಾಗಿ ಹಾಡಲಿಲ್ಲ. ರಫಿ ಸಾಹೇಬರ ನಿಲುವಿನಲ್ಲಿ ದೊಡ್ಡತನವಿತ್ತು. ಆದರೆ ಒಬ್ಬರ ದೊಡ್ಡತನ ಎಲ್ಲರ ಹೊಟ್ಟೆ ತುಂಬಿಸುವುದಿಲ್ಲ. ಬೇರೆ ಕರಾರಿಲ್ಲದಿದ್ದರೆ, ಚಿತ್ರಕ್ಕೆಂದು ಹಣ ಕೊಟ್ಟು ಮಾಡಿಸಿದ ಸಂಗೀತದ ಹಕ್ಕು ನಿರ್ಮಾಪಕರದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಹಾಡುವವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲದಿರುವುದನ್ನು ಎತ್ತಿ ತೋರಿಸಿದರು. 1994ರ ತಿದ್ದುಪಡಿ ಗಾಯಕರ ಹಕ್ಕನ್ನು ಒಪ್ಪಿತು. 2012ರ ತಿದ್ದುಪಡಿ ಚಿತ್ರಗೀತೆ ಬರೆದವರ, ಸಂಗೀತ ಕೊಟ್ಟವರ ಗೌರವಧನದ ಪಾಲು ಅವರ ಕೈತಪ್ಪದಂತೆ ಮಾಡಿತು.

ಕಾನೂನು ಬಂತು. ಆದರೆ ಅದನ್ನು ಓದಲು ಬಲ್ಲವರೆಷ್ಟು ಮಂದಿ? ಉಳ್ಳವನು ವಕೀಲನನ್ನು ಇಟ್ಟುಕೊಳ್ಳುತ್ತಾನೆ, ಇಲ್ಲದವನಿಗೆ ಮೇಷ್ಟ್ರೇ ಗತಿ. ಈ ಕಾಲೇಜುಗಳ ಬೆಲೆ ಇರುವುದು ಇಲ್ಲಿ. ಅಲ್ಲಿ ಓದಿದವರಿಗೆಲ್ಲ ಸಂಗೀತದಲ್ಲಿ ಕೆಲಸ ಸಿಗುತ್ತದೆ ಎಂದು ನಾವು ಹೇಳುತ್ತಿಲ್ಲ. ಸರಕಾರದ ಕೈ ಬಿಗಿಯಾದಾಗ ಮೊದಲು ಬಡವಾಗುವುದೂ ಇಂಥ ಕಾಲೇಜುಗಳೇ. ಬಡ ಮಕ್ಕಳಿಗೆ ವಾರಕ್ಕೆ 30 ಪೌಂಡ್‌ವರೆಗೆ ಕೊಡುತ್ತಿದ್ದ ಭತ್ಯೆಯನ್ನು 2004ರಲ್ಲಿ ದೇಶದಾದ್ಯಂತ ವಿಸ್ತರಿಸಿದ್ದರು. ಇಂಗ್ಲೆಂಡಿನಲ್ಲಿ ಅದು 2011ರಲ್ಲಿ ನಿಂತೇಹೋಯಿತು. ಆದರೂ ಸಹಿ ಹಾಕುವ ಮೊದಲು ಕಾಗದ ಓದಲು ಕಲಿತ ಒಂದು ಪೀಳಿಗೆ ಅಲ್ಲಿ ತಯಾರಾಗಿದೆ. ನಮ್ಮ ಸಂಗೀತ ಶಾಲೆಗಳಲ್ಲಿ ಸ್ವರದ ಪಾಠದ ಜೊತೆ ವಾರಕ್ಕೊಂದು ಗಂಟೆ ಕರಾರಿನ ಪಾಠವೂ ನಡೆದರೆ ರಾಗಕ್ಕೇನೂ ಕುಂದು ಬಾರದು.

ಇದನ್ನೆಲ್ಲ ಒಮ್ಮೆ ಆ ಅಜ್ಜನಿಗೆ ವಿವರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಅವರ ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಗುತ್ತಿಗೆದಾರ ಪುಸ್ತಕದಲ್ಲಿ ಏನು ಬರೆಯುತ್ತಿದ್ದನೋ ಅವರಿಗೆ ಓದಲು ಬರುತ್ತಿರಲಿಲ್ಲ. ಎಷ್ಟು ಕಟ್ಟು ಕೊಟ್ಟರು, ಎಷ್ಟನ್ನು ಅವನು ತೆಗೆದುಹಾಕಿದ ಎಂಬುದು ಕೊನೆವರೆಗೂ ತಿಳಿಯಲಿಲ್ಲ. ಮುಂದಿನ ಸಲ ಫೋನ್ ಬಂದಾಗ ಅಜ್ಜ ಮೊಮ್ಮಗನಿಗೆ ಹೇಳಿದ್ದು ಇಷ್ಟೇ: “ಹಿಸಾಬ್ ಅಚ್ಛೇ ಸೇ ಸೀಖ್ ಲೇನಾ ಬೇಟಾ.”