ರಸ್ತೆ ಅಪಘಾತ: ಎಚ್ಚರಿಕೆಯೂ ಪರಿಹಾರದ ಹಕ್ಕೂ

ತುಮಕೂರು: ಬೆಂಗಳೂರು-ಪುಣೆ ಹೆದ್ದಾರಿ ತುಮಕೂರಿನಲ್ಲಿಯೂ, ಬೆಂಗಳೂರು-ಮಂಗಳೂರು ಹೆದ್ದಾರಿ ಕುಣಿಗಲ್‌ನಲ್ಲಿಯೂ, ತುಮಕೂರು-ಶಿವಮೊಗ್ಗ ಹೆದ್ದಾರಿ ಗುಬ್ಬಿಯಲ್ಲಿಯೂ ಹಾದುಹೋಗುತ್ತವೆ. 2020ರ ಮಾರ್ಚ್‌ನಲ್ಲಿ ಕುಣಿಗಲ್ ತಾಲ್ಲೂಕಿನಲ್ಲಿ ಎರಡು ಕಾರುಗಳು ಅಪಘಾತಕ್ಕೀಡಾಗಿ ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದ್ದರು.

ದ್ವಿಚಕ್ರ ವಾಹನದ ಹಿಂಬದಿ ಸವಾರರಿಗೂ ಹೆಲ್ಮೆಟ್, ಕಾರಿನ ಹಿಂದಿನ ಆಸನದವರಿಗೂ ಸೀಟ್ ಬೆಲ್ಟ್ ಕಡ್ಡಾಯ. ಕೆಟ್ಟು ನಿಂತ ವಾಹನಕ್ಕೆ ರಾತ್ರಿ ಎಚ್ಚರಿಕೆ ದೀಪ ಹಾಕಬೇಕು. ಈ ಎಚ್ಚರಿಕೆಗಳು ಪ್ರಾಣಕ್ಕಷ್ಟೇ ಸಂಬಂಧಿಸಿದವಲ್ಲ. ಗಾಯಾಳುವಿನ ಅಜಾಗರೂಕತೆಯೂ ಅಪಘಾತಕ್ಕೆ ಕಾರಣವೆಂದು ಸಾಬೀತಾದರೆ ಪರಿಹಾರದ ಮೊತ್ತ ಅದಕ್ಕೆ ತಕ್ಕಂತೆ ಕಡಿತವಾಗುತ್ತದೆ. ವಾಹನಕ್ಕೆ ವಿಮೆ ಇಲ್ಲದಿದ್ದರೆ ಪರಿಹಾರದ ಹೊರೆ ಮಾಲೀಕರ ಮೇಲೆಯೇ ಬೀಳುತ್ತದೆ.

ಅಪಘಾತವಾದಾಗ ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ನೀಡುತ್ತದೆ. ಪೊಲೀಸ್ ದೂರಿನ ಪ್ರತಿ, ಗಾಯದ ಪ್ರಮಾಣಪತ್ರ, ಚಿಕಿತ್ಸೆಯ ರಸೀದಿ ಹಾಗೂ ಆದಾಯದ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಕಾಯ್ದೆಯ 166ನೇ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಇದಕ್ಕೆ ಆರು ತಿಂಗಳ ಗಡುವಿದೆ. ಅಪಘಾತ ದೂರದ ಊರಿನಲ್ಲಿ ನಡೆದಿದ್ದರೂ ಅರ್ಜಿದಾರರು ತಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು.

ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ಕೈಚೆಲ್ಲಬೇಕಿಲ್ಲ. ಮೃತರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಗೊಂಡವರಿಗೆ 50 ಸಾವಿರ ರೂಪಾಯಿ ನೀಡಲು ಪ್ರತ್ಯೇಕ ಯೋಜನೆಯಿದೆ. ಇದಕ್ಕೆ ನ್ಯಾಯಮಂಡಳಿಯ ಬದಲು ಅಪಘಾತ ನಡೆದ ಪ್ರದೇಶದ ಕಂದಾಯ ಉಪವಿಭಾಗದ ವಿಚಾರಣಾಧಿಕಾರಿಗೆ ಅರ್ಜಿ ಸಲ್ಲಿಸಬೇಕು.