ಚಿತ್ರದಲ್ಲಿಲ್ಲದ ತಾಯಿ

ದೇವನಹಳ್ಳಿ ಎಂದರೆ ನಮ್ಮ ನಂದಗುಡಿ, ಹೊಸಕೋಟೆ ಕಡೆಯವರಿಗೆ ಟಿಪ್ಪು ಹುಟ್ಟಿದ ಊರು, ಚಕ್ಕೋತ ಹಣ್ಣಿನ ಊರು, ಈಗ ವಿಮಾನ ನಿಲ್ದಾಣದ ಊರು. ಅದೇ ದೇವನಹಳ್ಳಿಯಲ್ಲಿ 1794ರ ಮಾರ್ಚ್ ತಿಂಗಳಲ್ಲಿ ಒಬ್ಬ ತಂದೆ ತನ್ನ ಇಬ್ಬರು ಮಕ್ಕಳನ್ನು ಎರಡು ವರ್ಷಗಳ ಮೇಲೆ ಮತ್ತೆ ಕಂಡ. ತಂದೆ ಟಿಪ್ಪು ಸುಲ್ತಾನ್. ಮಕ್ಕಳು ಇಂಗ್ಲಿಷರ ಒತ್ತೆಯಾಳುಗಳಾಗಿ ಮದರಾಸಿನಲ್ಲಿದ್ದು ಬಂದವರು.

ನಡೆದದ್ದು ಹೀಗೆ. ಮೂರನೆಯ ಮೈಸೂರು ಯುದ್ಧದಲ್ಲಿ ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ತೆರಬೇಕಾಯಿತು. ಹಣ ಸಂದಾಯವಾಗುವ ತನಕ ಮಕ್ಕಳೇ ಅಡವು! 1792ರ ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಹುಡುಗರು ಬಿಳಿ ಮಸ್ಲಿನ್ ಉಡುಪು, ಕೆಂಪು ಪೇಟ, ಮುತ್ತಿನ ಸರ ತೊಟ್ಟು, ಆನೆಯೇರಿ ಲಾರ್ಡ್ ಕಾರ್ನ್‌ವಾಲಿಸನ ಡೇರೆಗೆ ಬಂದರು. ದೊಡ್ಡವನಿಗೆ ಸುಮಾರು ಹತ್ತು ವರ್ಷ, ಚಿಕ್ಕವನಿಗೆ ಎಂಟು. ಕಾರ್ನ್‌ವಾಲಿಸ್ ಅವರನ್ನು ತಬ್ಬಿಕೊಂಡು, ಒಬ್ಬೊಬ್ಬರಿಗೂ ಒಂದು ಚಿನ್ನದ ಗಡಿಯಾರ ಕೊಟ್ಟ.

ಈ ಪ್ರಸಂಗ ಲಂಡನ್ನಿನ ಚಿತ್ರಕಾರರಿಗೆ ಹಬ್ಬವಾಯಿತು. ಸೈನ್ಯದೊಂದಿಗೆ ಬಂದಿದ್ದ ರಾಬರ್ಟ್ ಹೋಮ್ ಇಲ್ಲಿಯೇ ಇದ್ದು ಬರೆದ. ಭಾರತಕ್ಕೆ ಕಾಲಿಡದ ಮ್ಯಾಥರ್ ಬ್ರೌನ್ ಅಲ್ಲಿಯೇ ಕೂತು ಬರೆದ. ತೈಲಚಿತ್ರ ಒಬ್ಬರ ಗೋಡೆಗೆ ಸಾಕು. ಆದರೆ ಅದನ್ನೇ ತಾಮ್ರದ ತಗಡಿನ ಮೇಲೆ ಚುಕ್ಕಿ, ಗೆರೆಗಳಲ್ಲಿ ಕೊರೆದು, ಮಸಿ ತುಂಬಿ, ಒದ್ದೆ ಕಾಗದವಿಟ್ಟು ಒತ್ತಿದರೆ ಬೇಕಾದಷ್ಟು ಪ್ರತಿಗಳು. ಹೀಗೆ ಅಚ್ಚಾದ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಕರುಣಾಳು ತಂದೆಯಂತೆ ಕೈ ಚಾಚಿ ನಿಂತಿದ್ದಾನೆ. ಮಕ್ಕಳನ್ನು ಕಿತ್ತುಕೊಂಡ ಕೈಯೇ ಅದು ಎಂಬುದು ನೋಡುವವರಿಗೆ ಮರೆತುಹೋಗಬೇಕು, ಅಷ್ಟು ಚೆಂದ.

ತರಗತಿಯಲ್ಲಿ ಈ ಚಿತ್ರ ತೋರಿಸಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಮಿಸ್, ಅವರಮ್ಮ ಎಲ್ಲಿ?" ಎಂದಳು. ಯುದ್ಧ, ಒಪ್ಪಂದ, ಇಸವಿ ಎಲ್ಲವನ್ನೂ ಬಿಟ್ಟು ಅವಳಿಗೆ ತೋಚಿದ್ದು ಅದು. ಆ ಯುದ್ಧದಲ್ಲಿದ್ದ ಮೇಜರ್ ಡಿರೋಂ 1793ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಫೆಬ್ರವರಿ 6ರ ರಾತ್ರಿ ಇಂಗ್ಲಿಷರು ಶ್ರೀರಂಗಪಟ್ಟಣದ ಹೊರಗಿನ ಪಾಳೆಯದ ಮೇಲೆ ಬಿದ್ದ ಕೆಲವೇ ದಿನಗಳಲ್ಲಿ, ಚಿಕ್ಕ ಹುಡುಗ ಮುಯಿಜುದ್ದೀನನ ತಾಯಿ ಭಯದಿಂದಲೇ ತೀರಿಕೊಂಡಳಂತೆ. ಅಂದರೆ ಆನೆಯ ಮೇಲೆ ಕೂತು ಬಂದ ಆ ಮಗು ತಾಯಿ ಸತ್ತು ಇನ್ನೂ ತಿಂಗಳಾಗದ ಮಗು. ಮಕ್ಕಳು ಜನಾನಾದಿಂದ ಹೊರಡುವಾಗ ಹೆಂಗಸರು ಅಳುವ ಚಿತ್ರಗಳೂ ಅಚ್ಚಾದವು. ಪರಗಂಡಸರು ಹೆಜ್ಜೆಯಿಡಲಾಗದ ಆ ಅಂತಃಪುರದ ಅಳುವನ್ನು ಚಿತ್ರಕಾರರು ಊಹಿಸಿಯೇ ಬರೆಯಬೇಕಾಗಿತ್ತು.

ದೇವನಹಳ್ಳಿಯ ಸಂತೋಷ ಉಳಿದದ್ದು ಸುಮಾರು ಐದು ವರ್ಷವಷ್ಟೇ. 1799ರ ಮೇ 4ರಂದು ಟಿಪ್ಪು ಮಡಿದ. ಮನೆಮಂದಿಯನ್ನೆಲ್ಲ ವೇಲೂರು ಕೋಟೆಗೆ ಸಾಗಿಸಿದರು. 1806ರ ಜುಲೈ 10ರಂದು ಅಲ್ಲಿ ಸಿಪಾಯಿಗಳು ದಂಗೆ ಎದ್ದಾಗ ಅನುಮಾನ ಟಿಪ್ಪುವಿನ ಮಕ್ಕಳ ಮೇಲೆ ಬಿತ್ತು. ಅವರನ್ನು ದೂರದ ಕಲ್ಕತ್ತೆಗೆ ಕಳಿಸಿದರು. ಒತ್ತೆ ಹೋದವರಿಗೆ ಹಣ ಕಟ್ಟಿದ ಮೇಲೆ ಬಿಡುಗಡೆಯುಂಟು; ಗಡೀಪಾರಾದವರಿಗೆ ಅದೂ ಇಲ್ಲ. ಕಿರಿಯ ಮಗ ಗುಲಾಂ ಮೊಹಮ್ಮದ್ 1842ರಲ್ಲಿ ಕಲ್ಕತ್ತೆಯ ಧರ್ಮತಲಾದಲ್ಲಿ ಕಟ್ಟಿಸಿದ ಮಸೀದಿಗೆ ಇಂದಿಗೂ ಟಿಪ್ಪುವಿನ ಹೆಸರೇ ಇದೆ. ಊರು ಬಿಟ್ಟವರು ಹೆಸರನ್ನಾದರೂ ಜೊತೆಗೆ ಒಯ್ದಿದ್ದರು.

ಗಂಡುಮಕ್ಕಳು ಕಲ್ಕತ್ತೆಗೆ ಹೋದರೂ ಜನಾನಾದ ಹೆಂಗಸರು ಬಹುಮಟ್ಟಿಗೆ ವೇಲೂರಿನಲ್ಲಿಯೇ ಉಳಿದರು. ಹೈದರಾಲಿಯ ಪತ್ನಿ ಬಕ್ಷಿ ಬೇಗಂ, ಟಿಪ್ಪುವಿನ ಪತ್ನಿ ಪಾದಷಾ ಬೇಗಂ, ಇಬ್ಬರ ಸಮಾಧಿಗಳೂ ಅಲ್ಲಿವೆ. ನಮ್ಮ ಕಡೆಯವರು ವೇಲೂರಿಗೆ ಹೋಗುವುದು ದೊಡ್ಡಾಸ್ಪತ್ರೆಗೆ, ಇಲ್ಲವೇ ಚಿನ್ನದ ದೇವಸ್ಥಾನಕ್ಕೆ. ಹೋದಾಗ ಒಂದು ಗಳಿಗೆ ಆ ಸಮಾಧಿಗಳ ಕಡೆಗೂ ಹೋಗಿಬನ್ನಿ. ಶ್ರೀರಂಗಪಟ್ಟಣದಿಂದ ಹೊರಟು ಮತ್ತೆ ಮನೆಗೆ ಬಾರದೆ ಉಳಿದ ಹೆಣ್ಣುಮಕ್ಕಳು ಅವರು.